ಘಟಪ್ರಭಾ ಹೌಸಿನ ಮಾಸ್ತರ

ಜುಲೈ ೯, ಮಂಗಳವಾರ

ಇವತ್ತು ಮೆಸ್ಸಿನಲ್ಲಿ ಹನ್ನೊಂದನೆಯ ತರಗತಿಯ ಹುಡುಗರು ಜೋಳದ ರೊಟ್ಟಿಯಿಂದ ಬಾಯಿ ಒರೆಸಿಕೊಂಡು, ಅದನ್ನು ಬಡಿಸುವವನ ಬುಟ್ಟಿಗೇ ತಿರುಗಿ ಎಸೆದರು. ಬಡಿಸುವವನು ನಕ್ಕ. ಅವರು ಎಸೆದದ್ದಕ್ಕಿಂತ ಇವನು ನಕ್ಕದ್ದಕ್ಕೆ ನನಗೆ ಹೆಚ್ಚು ಹೇಸಿಗೆಯಾಯಿತು. ಊಟ ಬಿಟ್ಟು ಎದ್ದೆ. ಯಾರೂ ಗಮನಿಸಲಿಲ್ಲ.

ಯಾರಿಗೂ ಹೇಳಲಾರದ್ದನ್ನು ಇಲ್ಲಿ ಬರೆದಿಡುತ್ತೇನೆ. ಮುಧೋಳ ಜಮಖಂಡಿಗಳ ನಡುವಿನ ಈ ವಸತಿ ಶಾಲೆಗೆ ಬಂದು ಮೂರನೆಯ ವರ್ಷ ನಡೆದಿದೆ. ಸಂಸ್ಥಾನದ ಕಾಲದ ಬಂಗಲೆ, ಕುದುರೆ ಲಾಯ, ಹಸಿರು ಮೈದಾನ. ಕಾರ್ಖಾನೆ ಮಾಲೀಕರ, ದೊಡ್ಡ ಗುತ್ತಿಗೆದಾರರ, ರಾಜಕಾರಣಿಗಳ ಮಕ್ಕಳು. ಕನ್ನಡ ಮಾತಾಡಿ ಸಿಕ್ಕಿಬಿದ್ದವರಿಗೆ ಮೈದಾನ ಸುತ್ತುವ ಶಿಕ್ಷೆ. ಅಂಥಲ್ಲಿ ನಾನು ಕನ್ನಡ ಮಾಸ್ತರ, ಮೇಲೆ ಹುಡುಗರ ವಸತಿಗೃಹ ಘಟಪ್ರಭಾ ಹೌಸಿನ ಸಹಾಯಕ ಹೌಸ್ ಮಾಸ್ತರ. ನನ್ನ ಮೇಲಿನವರು ವಿಶ್ವಾಸ ದೇಶಪಾಂಡೆ. ಹುಡುಗರ ಕೋಣೆಯಲ್ಲಿ ಏನು ನಡೆದರೂ ಅವರಿಗೆ ಕಾಣುವುದಿಲ್ಲ. ಕಾಣದಿರುವುದೇ ಅವರ ಕೆಲಸ.

ಈ ವರ್ಷ ಎಂಟನೆಯ ತರಗತಿಗೆ ಮಾಳು ಬಂದಿದ್ದಾನೆ. ಬೀಳಗಿ ಕಡೆಯ ಕುರಿಗಾರ ಅಪ್ಪಾಸಾಬನ ಮಗ, ನಮ್ಮ ಮಂದಿ. ಶಾಲೆಯ ಏಕೈಕ ಉಚಿತ ಸೀಟು ಅವನದು. ಶಾಲೆಯ ಹೊಸ ಪ್ರಚಾರ ಪುಸ್ತಿಕೆಗೆ ಫೋಟೋ ತೆಗೆಯುವಾಗ ಅವನಿಗೆ ಯೂನಿಫಾರ್ಮ್ ಬಿಚ್ಚಿಸಿ ಕಂಬಳಿ ಹೊದೆಸಿದರು. ಕೈಗೆ ಕೋಲು ಕೊಟ್ಟರು. ನಮ್ಮ ಕುಲದೇವರು ಬೀರಪ್ಪನ ಗುಡಿಯಲ್ಲಿ ಹೊದೆಯುವ ಕಂಬಳಿಯನ್ನು ಇವರು ವೇಷ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ.

ದಸರೆಯೊಳಗೆ ಈ ಕೆಲಸ ಬಿಡಬೇಕು. ಹೆಂಡತಿ ಶೀತಲ್‌ಗೂ ಹೇಳಿದ್ದೇನೆ.

ಜುಲೈ ೨೧, ರವಿವಾರ

ಮಾಳು ತರಗತಿಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ ‘ಬ್ಯಾ’ ಎಂಬ ಸದ್ದು ಬರುತ್ತದೆ. ಅವನು ಹಾಜರಿ ಹೇಳಿದರೂ ಬ್ಯಾ, ಊಟಕ್ಕೆ ನಿಂತರೂ ಬ್ಯಾ. ಇದನ್ನು ಕಲಿಸಿದವನು ಹನ್ನೊಂದನೆಯ ತರಗತಿಯ ಗುರುಪಾದ, ಟ್ರಸ್ಟಿನ ಅಧ್ಯಕ್ಷರ ಮೊಮ್ಮಗ. ಎಲ್ಲರೂ ಸಾಹೇಬರು ಎನ್ನುವ ಆ ಅಧ್ಯಕ್ಷರ ತಂದೆಯ ಹೆಸರನ್ನೇ ಇವನಿಗಿಟ್ಟಿದ್ದಾರೆ. ನೋಡಲು ಚೆಲುವ, ಮಾತು ಮೃದು. ಅವನು ಎಂದೂ ತಾನೇ ಬ್ಯಾ ಅನ್ನುವುದಿಲ್ಲ, ಉಳಿದವರಿಂದ ಅನ್ನಿಸುತ್ತಾನೆ.

ದೇಶಪಾಂಡೆಯವರಿಗೆ ಹೇಳಿದೆ. ಹುಡುಗರೆಂದರೆ ಹೀಗೇ, ಒಂದು ಟರ್ಮ್ ಹೋದರೆ ಮಾಳುವೂ ಗಟ್ಟಿಯಾಗುತ್ತಾನೆ ಎಂದು ಚಹ ತರಿಸಿದರು. ಆ ಚಹವನ್ನು ಹಾಗೇ ಬಿಟ್ಟು ಎದ್ದು ಬಂದೆ.

ಆಗಸ್ಟ್ ೬, ಮಂಗಳವಾರ

ದವಾಖಾನೆಯಿಂದ ಈಗಷ್ಟೇ ಬಂದೆ.

ಸಂಜೆ ಆಟದ ಹೊತ್ತಿನಲ್ಲಿ ಕ್ರಿಕೆಟ್ ಮೈದಾನದ ಆಚೆ ತುದಿಯಿಂದ ನಗು ಕೇಳಿಸಿತು. ಹೋಗಿ ನೋಡಿದರೆ ಒಂದಷ್ಟು ಹುಡುಗರು ಸುತ್ತುಗಟ್ಟಿ ನಿಂತಿದ್ದರು. ನಡುವೆ ಮಾಳು ಅಂಗೈ ಮೊಣಕಾಲು ಊರಿ ಹುಲ್ಲು ಮೇಯುತ್ತಿದ್ದ. ಮೇಯುತ್ತಿದ್ದ ಎಂದೇ ಬರೆಯಬೇಕು. ಕೈ ಬಳಸಬಾರದೆಂದು ಅಪ್ಪಣೆಯಾಗಿತ್ತಂತೆ. ಗುರುಪಾದ ಬ್ಯಾಟಿನ ತುದಿಯಿಂದ ಅವನ ಬೆನ್ನು ತಿವಿದು ಮುಂದೆ ಮುಂದೆ ನಡೆಸುತ್ತಿದ್ದ. ಒಬ್ಬ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದ. ಮಾಳುವಿನ ಗಲ್ಲದಿಂದ ಹಸಿರು ಜೊಲ್ಲು ಇಳಿಯುತ್ತಿತ್ತು.

ನಾನು ಕೂಗಿದೊಡನೆ ಎಲ್ಲರೂ ಸರಿದು ನಿಂತರು. ಯಾರೂ ಓಡಲಿಲ್ಲ. ಓಡುವಷ್ಟೂ ನನ್ನ ಹೆದರಿಕೆ ಅವರಿಗಿಲ್ಲ. ಬೆಳಿಗ್ಗೆಯಷ್ಟೇ ಮಾಲಿ ಆ ಹುಲ್ಲಿಗೆ ಕಳೆನಾಶಕ ಹೊಡೆದದ್ದನ್ನು ನಾನು ಕಂಡಿದ್ದೆ. ಮಾಳುವನ್ನು ಎತ್ತಿಕೊಂಡು ನಳದ ಹತ್ತಿರ ಓಡಿ ಬಾಯಿ ತೊಳೆಸಿದೆ. ವಾಂತಿ ನಿಲ್ಲಲಿಲ್ಲ. ಶಾಲೆಯ ಜೀಪಿನಲ್ಲಿ ಮುಧೋಳದ ದವಾಖಾನೆಗೆ ಒಯ್ದೆವು. ತುಟಿ, ನಾಲಿಗೆ, ಗಂಟಲು ಬೆಂದಿವೆ. ನುಂಗಿದ್ದು ಕಡಿಮೆ, ಅದಕ್ಕೇ ಜೀವ ಉಳಿದೀತು ಎಂದು ಡಾಕ್ಟರು ಹೇಳಿದರು. ಹುಡುಗ ನನ್ನ ಅಂಗಿಯ ತೋಳು ಹಿಡಿದುಕೊಂಡೇ ಮಲಗಿದ.

ನಾಳೆ ಪೊಲೀಸ್ ಠಾಣೆಗೆ ಹೋಗುತ್ತೇನೆ. ನೌಕರಿ ಹೋದರೆ ಹೋಗಲಿ.

ಆಗಸ್ಟ್ ೭

ಠಾಣೆಗೆ ಹೊರಟವನನ್ನು ಪ್ರಾಚಾರ್ಯ ನಾರಾಯಣ ಕುಲಕರ್ಣಿ ಕರೆಸಿದರು. ಗದರುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಬಂದು ಬಾಗಿಲು ಹಾಕಿ, ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು. ಡಾಕ್ಟರಿಗೆ ಏನು ಹೇಳಿದಿರಿ ಎಂದು ಕೇಳಿದರು. ಔಷಧ ಹೊಡೆದ ಹುಲ್ಲು ಬಾಯಿಗೆ ಹೋಯಿತು ಎಂದಷ್ಟೇ ಅವಸರದಲ್ಲಿ ಹೇಳಿದ್ದೆ. ಅಷ್ಟೇ ಸಾಕು ಎಂಬಂತೆ ತಲೆಯಾಡಿಸಿದರು.

“ನೀವು ಕಂಪ್ಲೇಂಟ್ ಕೊಟ್ರ ಶಾಲಿ ಮುಚ್ಚತದ ಅಂತ ನಾ ಹೇಳೂದಿಲ್ಲ, ಶಿವಪುತ್ರ,” ಎಂದರು. “ಇಂಥಾ ಶಾಲಿ ಮುಚ್ಚೂದಿಲ್ಲ. ಆ ಹುಡುಗನ ಸೀಟು ಅಷ್ಟ ಹೋಗತದ. ಅಂವ ಮತ್ತ ಕುರಿ ಹಿಂದ ಹೋಗ್ತಾನ. ಅದು ನಿಮಗ ಬೇಕೇನು?”

ಆಮೇಲೆ, ಹುಡುಗನ ತಂದೆಯ ಹತ್ತಿರ ನೀವೇ ಹೋಗಿರಿ, ನೀವು ಅವರ ಮಂದಿ, ನಿಮ್ಮ ಮಾತು ಅವರಿಗೆ ತಿಳಿಯುತ್ತದೆ ಎಂದರು. ಮೂರು ವರ್ಷದಲ್ಲಿ ನನ್ನ ಜಾತಿ ಈ ಕೋಣೆಯಲ್ಲಿ ಉಪಯೋಗಕ್ಕೆ ಬಂದದ್ದು ಇದೇ ಮೊದಲು. ಹೊರಗೆ ಬಂದು ಉಗುಳಿದೆ.

ಆದರೂ ತಂದೆಗೆ ಸುದ್ದಿ ಮುಟ್ಟಿಸುವುದು ಯಾರಾದರೂ ಮಾಡಲೇಬೇಕಾದ ಕೆಲಸ. ಬೇರೆಯವರಿಗಿಂತ ನಾನು ಹೋಗುವುದೇ ಮೇಲು. ಎಲ್ಲ ಹೇಳಿ, ಅವನನ್ನು ಕರೆದುಕೊಂಡೇ ಠಾಣೆಗೆ ಹೋಗುತ್ತೇನೆ.

ಆಗಸ್ಟ್ ೮

ಅಪ್ಪಾಸಾಬನ ಹಿಂಡು ಬಾಡಗಂಡಿಯ ಆಚೆ ಒಂದು ಬೀಳು ಹೊಲದಲ್ಲಿತ್ತು. ಮಳೆ ಹನಿಯುತ್ತಿತ್ತು. ಅವನ ಹೆಂಡತಿ ಸೋಮವ್ವ ನನಗೆ ಕೂರಲು ಚೀಲ ಹಾಸಿ, ಕುರಿಹಾಲಿನ ಚಹ ಕೊಟ್ಟಳು. ನನ್ನ ಅಜ್ಜನ ಹಟ್ಟಿಯಲ್ಲಿ ಕುಡಿದ ರುಚಿ. ಸಾಲಿಯಿಂದ ಮಾಸ್ತರರೇ ಬಂದರಲ್ಲ ಎಂದು ಅವರಿಬ್ಬರ ಮುಖದಲ್ಲಿ ಆದ ಸಂತೋಷ ನೋಡಿ, ಹೇಳಬೇಕಾದ ಮಾತು ಹಿಂದೆ ಸರಿಯಿತು.

ಮೈದಾನದ ಹುಲ್ಲಿಗೆ ಔಷಧ ಹೊಡೆದಿದ್ದರು, ಆಟದಲ್ಲಿ ಹುಡುಗನ ಬಾಯಿಗೆ ಹೋಯಿತು, ಈಗ ಆರಾಮ ಆಗುತ್ತಿದ್ದಾನೆ ಎಂದೆ. ಒಂದಕ್ಷರವೂ ಸುಳ್ಳಲ್ಲ.

ಅಪ್ಪಾಸಾಬ ಹೊರಡಲೆಂದು ರುಮಾಲು ಸುತ್ತಿಕೊಳ್ಳತೊಡಗಿದ. ಸೋಮವ್ವ ಮಾತ್ರ ನನ್ನ ಮುಖವನ್ನೇ ನೋಡುತ್ತ ಕೇಳಿದಳು:

“ಹುಲ್ಲು ಯಾಕ ಬಾಯಾಗ ಹಾಕ್ಕೊಂಡಾನ್ರೀ ಅಂವ? ಹುಲ್ಲು ತಿನ್ನಾಕ ಅಂವೇನ ಕುರಿ ಅದಾನೇನ್ರೀ?”

ಓಡುವಾಗ ಮುಗ್ಗರಿಸಿ ಬಿದ್ದ ಎಂದೆ. ಆ ಹೆಂಗಸಿನ ಎದುರು ಎಲ್ಲ ಹೇಳುವುದು ಕ್ರೌರ್ಯವಾಗುತ್ತಿತ್ತು. ದವಾಖಾನೆಯಲ್ಲಿ ಅಪ್ಪಾಸಾಬನೊಬ್ಬನಿಗೇ ಬಿಡಿಸಿ ಹೇಳಿದರಾಯಿತು.

ಆಗಸ್ಟ್ ೧೧, ರವಿವಾರ

ಹೇಳಲು ಹೊತ್ತು ಕೂಡಿಬರಲಿಲ್ಲ. ಅಪ್ಪಾಸಾಬ ಬಂದಾಗಿನಿಂದ ಮಗನ ಮಂಚದ ಪಕ್ಕ ನೆಲದ ಮೇಲೆಯೇ ಕೂತಿದ್ದಾನೆ. ಪ್ರಾಚಾರ್ಯರು ದಿನಾ ಹಣ್ಣು ಕಳಿಸುತ್ತಾರೆ. ಇವತ್ತು ಮಾಳುವಿಗೆ ಮಾತು ಬಂತು. ಮನೆಗೆ ಹೋಗುತ್ತೀಯೇನೋ ಎಂದು ಕೇಳಿದೆ. ಇಲ್ಲ, ಸಾಲಿಗೇ ಬರುತ್ತೇನೆ ಎಂದ. ಎಂಥ ಹುಡುಗ! ನನಗೆ ಕಣ್ಣು ತುಂಬಿತು.

ಸಂಜೆ ಹೊರಗಿನ ಕಟ್ಟೆಯ ಮೇಲೆ ಅಪ್ಪಾಸಾಬ ನನ್ನನ್ನು ಕೇಳಿದ: “ನಮಗ ಇಲ್ಲೀದು ಏನೂ ತಿಳಿಯೂದಿಲ್ರೀ. ನೀವು ನಮ್ಮವರು ಅದೀರಿ. ಬಿಡ್ಲ್ಯೋ, ಒಯ್ಲ್ಯೋ, ನೀವ ಹೇಳ್ರಿ.”

ಹೇಳಿ ಬಹಳ ಹೊತ್ತು ಕಾದ. ಇನ್ನೂ ಏನೋ ಕೇಳಬೇಕೆಂದಿದ್ದನೋ ಏನೋ. ನನ್ನ ಕಣ್ಣ ಮುಂದೆ ನನ್ನ ಬಾಲ್ಯವೇ ಬಂತು. ರನ್ನ ಬೆಳಗಲಿಯ ಶಾಲೆಯಲ್ಲಿ ನನ್ನನ್ನೂ ಕಡೆಯ ಸಾಲಿನಲ್ಲಿ ಕೂರಿಸಿದ್ದರು. ಅಂದು ಅಪ್ಪ ನನ್ನನ್ನು ಬಿಡಿಸಿದ್ದರೆ ಇಂದು ನಾನೂ ಕುರಿಯ ಹಿಂದೆಯೇ.

ಬಿಡ್ರಿ, ನಾನಿದ್ದೇನೆ ಎಂದೆ.

ಈ ಮಾತಿಗೆ ನಾನು ಎಂದೂ ನಾಚಬೇಕಾಗಿಲ್ಲ.

ಆಗಸ್ಟ್ ೧೮, ರವಿವಾರ

ಸಾಹೇಬರ ಬಂಗಲೆಗೆ ಕರೆಸಿದ್ದರು. ವರಾಂಡದಲ್ಲಿ ಅವರ ಮುಧೋಳ ನಾಯಿಗಳಿಗೆ ಊಟ ನಡೆದಿತ್ತು. ಆಳು ಮಾಂಸವನ್ನು ತಣಿಸಿ, ಎಲುಬು ಆರಿಸಿ ಬಡಿಸುತ್ತಿದ್ದ. ಬಾಡಗಂಡಿಯ ಹೊಲದ ಒಲೆ ನೆನಪಾಯಿತು.

ಸಾಹೇಬರು ನನ್ನ ಊರು, ಮನೆತನ ಎಲ್ಲ ಕೇಳಿದರು. ನಿಮ್ಮವರು ನಂಬಿಕಸ್ಥರು ಎಂದರು. ನಾಯಿಗಳ ಬಗ್ಗೆಯೂ ಅದನ್ನೇ ಹೇಳುತ್ತಾರೇನೋ. ದೇಶಪಾಂಡೆಗೆ ಹುಡುಗರ ಮೇಲೆ ಹಿಡಿತವಿಲ್ಲ, ಅವರನ್ನು ತೆಗೆಯುತ್ತಿದ್ದೇವೆ, ಇನ್ನು ಮುಂದೆ ಘಟಪ್ರಭಾ ಹೌಸು ನಿಮ್ಮ ಕೈಯಲ್ಲಿ ಎಂದರು. ನನ್ನ ಮಗಳು ಕಾವ್ಯಳಿಗೆ ಈ ವರ್ಷವೇ ನಮ್ಮ ಶಾಲೆಯಲ್ಲಿ ಪ್ರವೇಶ.

ಕಡೆಗೆ ಗುರುಪಾದನನ್ನು ಕರೆದರು. ಅವನು ಬಗ್ಗಿ ನನ್ನ ಕಾಲು ಮುಟ್ಟಿದ. ಕೈ ಒದ್ದೆಯಾಗಿತ್ತು, ನಾಯಿಗಳನ್ನು ಮುದ್ದಿಸಿ ಬಂದಿದ್ದ. ಪಾದದ ಮೇಲೆ ಜೊಲ್ಲು ತಾಗಿದಂತಾಯಿತು. ಸಾರಿ ಸರ್ ಎಂದ. ಮಾಳುವಿಗೆ ಹೇಳು ಎನ್ನಬೇಕೆಂದುಕೊಂಡೆ. ಸಾಹೇಬರು ಆಗಲೇ ಎದ್ದಿದ್ದರು.

ಯೋಚಿಸಿದೆ. ನಾನು ಬಿಟ್ಟು ಹೋದರೆ ಇನ್ನೊಬ್ಬ ದೇಶಪಾಂಡೆ ಬರುತ್ತಾನೆ. ಮಾಳುವನ್ನು ಕಾಯಬೇಕೆಂದರೆ ಅಧಿಕಾರ ನನ್ನಲ್ಲಿರಬೇಕು. ಒಪ್ಪಿಕೊಂಡೆ.

ಸೆಪ್ಟೆಂಬರ್ ೧

ಹೌಸ್ ಮಾಸ್ತರರ ಬಂಗಲೆಗೆ ಸಾಮಾನು ಸಾಗಿಸಿದೆವು. ಮೂರು ಕೋಣೆ, ಹಿತ್ತಲಲ್ಲಿ ಮಾವು. ಶೀತಲ್ ಸಾಮಾನು ಬಿಚ್ಚುತ್ತ, ಆ ಹುಡುಗನ ಬಾಯಿ ಹುಣ್ಣು ಮಾಯಿತೇ ಎಂದು ಕೇಳಿದಳು. ಮಾಯುತ್ತ ಬಂದಿದೆ ಎಂದೆ. ಯಾರು ಮಾಡಿದ್ದೆಂದು ಅವನ ಅಪ್ಪನಿಗೆ ಹೇಳಿದಿರಾ ಎಂದಳು. ಈ ಹೆಂಗಸರಿಗೆ ಹೊತ್ತುಗೊತ್ತು ತಿಳಿಯುವುದಿಲ್ಲ.

ಸೆಪ್ಟೆಂಬರ್ ೨೪

ಈಗ ಯಾರೂ ಬ್ಯಾ ಅನ್ನುವುದಿಲ್ಲ. ಗುರುಪಾದನೇ ಮಾಳುವನ್ನು ತನ್ನ ಜೊತೆ ಸೇರಿಸಿಕೊಂಡಿದ್ದಾನೆ. ಮಾಳು ಅವನ ಕ್ರಿಕೆಟ್ ಕಿಟ್ ಹೊರುತ್ತಾನೆ, ಬೂಟಿಗೆ ಪಾಲಿಶ್ ಹಾಕುತ್ತಾನೆ, ಹಾಸಿಗೆ ಮಡಿಸುತ್ತಾನೆ. ಮೊದಲು ಇರುಸುಮುರುಸಾಯಿತು. ಆಮೇಲೆ ನೋಡಿದರೆ ಹುಡುಗ ಇಂಗ್ಲಿಷ್ ಮಾತಾಡತೊಡಗಿದ್ದಾನೆ, ಹೊಟ್ಟೆ ತುಂಬ ಉಣ್ಣುತ್ತಾನೆ. ಹೌಸಿನಲ್ಲಿ ಶಿಸ್ತು ಬಂದಿದೆ ಎಂದು ಪ್ರಾಚಾರ್ಯರು ಸಭೆಯಲ್ಲಿ ನನ್ನ ಹೆಸರು ಹಿಡಿದು ಹೇಳಿದರು.

ಅಕ್ಟೋಬರ್ ೨೭, ರವಿವಾರ

ಪಾಲಕರ ದಿನ. ಗೇಟಿನಿಂದ ಬಂಗಲೆಯವರೆಗೆ ಕಾರುಗಳು. ದಸರೆಯ ನಂತರ ಸಾಹೇಬರು ನೇಕಾರರ ಮಕ್ಕಳಿಗೂ ಒಂದು ಉಚಿತ ಸೀಟು ತೆರೆದಿದ್ದಾರೆ. ಬನಹಟ್ಟಿಯ ಸೋಮಲಿಂಗ ಎಂಬ ಆರನೆಯ ತರಗತಿಯ ಹುಡುಗ ನಮ್ಮ ಹೌಸಿಗೇ ಬಂದಿದ್ದಾನೆ. ಬಂದಾಗಿನಿಂದ ಅಳು, ಮೂಗಲ್ಲಿ ಸಿಂಬಳ. ಅವನನ್ನು ಮಾಳುವಿಗೆ ಒಪ್ಪಿಸಿದ್ದೇನೆ.

ನಡುಹೊತ್ತಿಗೆ ಅಪ್ಪಾಸಾಬ ನೇರವಾಗಿ ನನ್ನ ಕಚೇರಿಗೇ ಬಂದುಬಿಟ್ಟ. ಕಂಬಳಿ ಹೆಗಲ ಮೇಲೆ, ಕೈಯಲ್ಲಿ ಗಿಣ್ಣದ ಡಬ್ಬಿ. ಒಬ್ಬ ಕಾರ್ಖಾನೆ ನಿರ್ದೇಶಕರ ಪತ್ನಿ ಮಾತಾಡುತ್ತ ಕೂತಿದ್ದರು. ಸೆರಗನ್ನು ಮೂಗಿನ ಹತ್ತಿರ ಒಯ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಪ್ಪಾಸಾಬನನ್ನು ಗೇಟಿನ ಹೊರಗಿನ ಬೇವಿನ ಮರದ ಕೆಳಗೆ ಕಾಯಲು ಹೇಳಿದೆ. ಎಲ್ಲರೂ ಹೋದ ಮೇಲೆ ಮಾಳುವನ್ನು ಕಳಿಸಿದೆ. ಹುಡುಗ ಹೋಗಲು ಮನಸ್ಸು ಮಾಡಲಿಲ್ಲ, ಗದರಿಸಿ ಕಳಿಸಿದೆ.

ಅಪ್ಪಾಸಾಬ ಹೋದ ಮೇಲೂ ಕಚೇರಿಯಲ್ಲಿ ಆ ಹಸಿ ಉಣ್ಣೆಯ ವಾಸನೆ ನಿಂತಿತ್ತು. ಫ್ಯಾನ್ ಹಾಕಿ ಕಿಟಕಿ ತೆರೆಸಿದೆ. ಸ್ವಚ್ಛವಾಗಿರಲು ಬಡತನ ಅಡ್ಡಿಯಲ್ಲ, ಅದನ್ನು ಈ ಜನ ಎಂದು ಕಲಿಯುತ್ತಾರೋ. ಗಿಣ್ಣವನ್ನು ಮೆಸ್ಸಿನಲ್ಲಿ ಬಡಿಸುವವನಿಗೆ ಕೊಟ್ಟೆ.

ಡಿಸೆಂಬರ್ ೧೫

ವಾರ್ಷಿಕ ಓಟದಲ್ಲಿ ಮಾಳು ಮೊದಲು ಬಂದ. ಟ್ರೋಫಿ ನಮ್ಮ ಹೌಸಿಗೆ. ಸಾಹೇಬರು ನನ್ನ ಬೆನ್ನು ತಟ್ಟಿದರು.

ಜನವರಿ ೨೧, ಮಂಗಳವಾರ

ಹೇಸಿಗೆ. ಬರೆಯಲೂ ಹೇಸಿಗೆ.

ಬೆಳಿಗ್ಗೆ ವ್ಯಾಯಾಮ ಮುಗಿದ ಮೇಲೆ ಬಚ್ಚಲ ಕಡೆ ಹೋದೆ. ಹುಡುಗರು ಕೆಸರಿನ ಬೂಟು ತೊಳೆಯುವ ತೊಟ್ಟಿ ಅಲ್ಲಿದೆ. ಮಾಳು ಆ ನೇಕಾರರ ಹುಡುಗನ ಕತ್ತು ಹಿಡಿದು ಮುಖವನ್ನು ತೊಟ್ಟಿಗೆ ಒತ್ತಿ ನೀರು ಕುಡಿಸುತ್ತಿದ್ದ. ಗುರುಪಾದ ಮೆಟ್ಟಿಲ ಮೇಲೆ ನಿಂತು ಹಲ್ಲುಜ್ಜುತ್ತಿದ್ದ. ನನ್ನನ್ನು ಕಂಡು ಗುಡ್ ಮಾರ್ನಿಂಗ್ ಹೇಳಿ ಒಳಗೆ ಹೋದ. ಸೋಮಲಿಂಗನ ಬಾಯಿಂದ ಕಪ್ಪು ನೀರು ಬರುತ್ತಿತ್ತು, ಚಡ್ಡಿಯಲ್ಲೇ ಮಾಡಿಕೊಂಡಿದ್ದ.

ಮಾಳುವಿನ ಕಪಾಳಕ್ಕೆ ಹೊಡೆದೆ. ಯಾಕೆ ಮಾಡಿದೆ ಎಂದು ಕೇಳಿದೆ. ಅವನು ಅಳಲೂ ಇಲ್ಲ, ತಲೆ ತಗ್ಗಿಸಲೂ ಇಲ್ಲ. ಎಷ್ಟೋ ತಿಂಗಳ ಮೇಲೆ ನನ್ನೊಡನೆ ಊರ ಮಾತಿನಲ್ಲಿ ಮಾತಾಡಿದ.

“ನಂದು ಆತಲ್ರೀ ಸರ್. ಈಗ ಇವಂದು.”

ಇಷ್ಟೆಲ್ಲ ಮಾಡಿದ ಮೇಲೆ ಇದು ಅವನು ಕೊಟ್ಟ ಉತ್ತರ. ಎಲ್ಲಿಂದ ತಂದು ಎಲ್ಲಿ ಕೂರಿಸಿದರೂ ಒಳಗಿನದು ಹೋಗುವುದಿಲ್ಲ.

ಜನವರಿ ೨೨

ಸೋಮಲಿಂಗನ ತಾಯಿ ತಾರವ್ವ ಬನಹಟ್ಟಿಯಿಂದ ಬಂದಳು. ಮಗ್ಗ ನಿಲ್ಲಿಸಿ ಹಾಗೇ ಬಂದಿದ್ದಳು, ಕೂದಲಲ್ಲಿ ನೂಲಿನ ಎಳೆಗಳಿದ್ದವು. ಕುರ್ಚಿ ತೋರಿಸಿದರೆ ಕೂರಲಿಲ್ಲ. ಯಾರು ಮಾಡಿದರು, ಹೆಸರು ಹೇಳಿರಿ, ಇಲ್ಲದಿದ್ದರೆ ಇಲ್ಲಿಂದ ನೇರ ಠಾಣೆಗೆ ಎಂದಳು. ಪ್ರಾಚಾರ್ಯರು ನನ್ನ ಮುಖ ನೋಡಿದರು.

ಹೆಸರು ಹೇಳಲು ನಾನು ಒಂದು ಗಳಿಗೆಯೂ ತಡೆಯಲಿಲ್ಲ. ಸತ್ಯಕ್ಕೆ ಹೆದರಿಕೆಯೇಕೆ? ಉಚಿತ ಸೀಟಿನಲ್ಲಿ ಬಂದ ಕುರಿಗಾರರ ಹುಡುಗ, ತಿದ್ದಲು ನಾವೂ ಬಹಳ ನೋಡಿದೆವು ಎಂದೆ. ಇವತ್ತೇ ಶಾಲೆಯಿಂದ ತೆಗೆಯುತ್ತೇವೆ ಎಂದು ಪ್ರಾಚಾರ್ಯರು ಸೇರಿಸಿದರು. ಆ ಹೆಂಗಸಿಗೆ ಸಮಾಧಾನವಾದಂತೆ ಕಾಣಲಿಲ್ಲ. ಮಗನನ್ನು ಎತ್ತಿಕೊಂಡಳು, ಎತ್ತಿಕೊಳ್ಳುವ ವಯಸ್ಸಿನವನೂ ಅಲ್ಲ. ಬಾಗಿಲಲ್ಲಿ ತಿರುಗಿ, “ನಿಮ್ಮ ಸಾಲಿ ನಿಮಗ ಇರ್ಲಿ,” ಎಂದು ಹೋದಳು.

ಠಾಣೆಗೆ ಹೋಗಲಿಲ್ಲ ಎಂದು ಸಂಜೆ ತಿಳಿಯಿತು. ಅನ್ಯಾಯವಾದರೆ ಈ ಶಾಲೆ ಸುಮ್ಮನಿರುವುದಿಲ್ಲ ಎಂದು ನಾಳೆ ಅಸೆಂಬ್ಲಿಯಲ್ಲಿ ಮಾತಾಡಲು ನನಗೇ ಹೇಳಿದ್ದಾರೆ. ತುಂಬ ದಿನಗಳ ಮೇಲೆ ಮನಸ್ಸು ಸ್ವಚ್ಛವಾಗಿದೆ.

ಜನವರಿ ೨೪, ಶುಕ್ರವಾರ

ಅಪ್ಪಾಸಾಬ ಮಗನನ್ನು ಕರೆದೊಯ್ಯಲು ಬಂದ. ಈ ಸಲ ಒಳಗೆ ಬರಲಿಲ್ಲ, ಬೇವಿನ ಕೆಳಗೇ ನಿಂತ. ಮಾಳು ಟ್ರಂಕು ಹೊತ್ತು ಹೋಗಿ ಪಕ್ಕದಲ್ಲಿ ನಿಂತ. ತಂದೆಯ ಮುಖ ನೋಡಲಿಲ್ಲ. ನಾನು ಹೋಗಿ, ಏನು ನಡೆಯಿತೆಂದು ಹೇಳಿ, ಇದರಲ್ಲಿ ನನ್ನದೇನೂ ನಡೆಯಲಿಲ್ಲ ಎಂದೆ.

ಅಪ್ಪಾಸಾಬ ಎಲ್ಲ ಕೇಳಿಸಿಕೊಂಡ. “ಇಂವ ಮಾಡಿದ್ದು ತಪ್ಪು ಐತಿ,” ಎಂದ. “ಒಯ್ತೇನಿ. ನನ್ನ ಮಗಗ ಹುಲ್ಲು ತಿನಿಸಿದಾಂವ ಎಲ್ಲಿ ಅದಾನ್ರೀ?”

ಯಾರು ಹೇಳಿದರು ಎಂದೆ.

“ದವಾಖಾನ್ಯಾಗ ಇಂವ ಕೈಸನ್ನಿ ಮಾಡಿ ಹೇಳಿದ್ನ್ರೀ. ಬಾಯಿ ಸುಟ್ಟಿತ್ತಲ್ರೀ. ಕಟ್ಟಿ ಮ್ಯಾಲ ನಿಮ್ಮನ್ನ ಕೇಳಿದಾಗ ನನಗ ಎಲ್ಲಾ ಗೊತ್ತಿತ್ತು. ನೀವು ಹೇಳ್ತೀರಿ ಅಂತ ಕಾದೆ. ನಮ್ಮವರು, ಕಲತವರು, ತಿಳದ ಬಿಡು ಅಂದಿರಬೇಕು ಅಂತ ಬಿಟ್ಟ ಹ್ವಾದೆ.”

ಅವನ ದನಿ ಏರಲಿಲ್ಲ. ಟ್ರಂಕನ್ನು ತಾನೇ ತಲೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಮಗನ ರಟ್ಟೆ ಹಿಡಿದು ರಸ್ತೆ ದಾಟಿದ. ಗೇಟಿನ ಕಾವಲುಗಾರ ನನ್ನನ್ನೇ ನೋಡುತ್ತಿದ್ದ. ಅವನಿಗೆ ಕೆಲಸ ನೋಡು ಎಂದು ಗದರಿಸಿದೆ.

ಮನೆಗೆ ಬಂದು ಶೀತಲ್‌ಗೆ ಹೇಳಿದೆ. ಮಧ್ಯಾಹ್ನ ಅವಳು ಕಾವ್ಯಳನ್ನು ಕರೆದುಕೊಂಡು ಮಹಾಲಿಂಗಪುರದ ತವರಿಗೆ ಹೋದಳು. ಹೊಲಿಗೆ ಯಂತ್ರವನ್ನೂ ಟೆಂಪೋದಲ್ಲಿ ಹಾಕಿಸಿಕೊಂಡಳು, ಅಲ್ಲಿ ಯಾರದೋ ಮದುವೆಯ ಹೊಲಿಗೆ ಇರಬೇಕು. ಕೇಳಲು ಪುರುಸೊತ್ತಾಗಲಿಲ್ಲ.

ಒಬ್ಬನೇ ಕೂತಾಗ ವಿಷಯ ಸ್ಪಷ್ಟವಾಯಿತು. ಗೊತ್ತಿತ್ತಂತೆ! ಎಲ್ಲ ಗೊತ್ತಿದ್ದೂ ಬಾಯಿ ಬೆಂದ ಮಗನನ್ನು ಅವರ ನಡುವೆಯೇ ಬಿಟ್ಟು ಕುರಿಗಳ ಹಿಂದೆ ಹೋದ. ಈಗ ನನ್ನ ಮೇಲೆ ಹಾಕುತ್ತಾನೆ. ಎಂಥ ತಂದೆಯಿರಬಹುದು? ಅಂಥವರಿಗಾಗಿ ನಾನು ಇಷ್ಟು ತಿಂಗಳು ಒಳಗೊಳಗೇ ಸವೆದೆನಲ್ಲ ಎಂದು ನೆನೆದರೆ ನನ್ನ ಮೇಲೇ ಕನಿಕರವಾಗುತ್ತದೆ. ಆ ಜನಕ್ಕೆ ಯಾರೂ ಏನೂ ಮಾಡಲಾಗುವುದಿಲ್ಲ.

ಮನೆಯಲ್ಲಿ ಅಡುಗೆ ಇರಲಿಲ್ಲವಾದ್ದರಿಂದ ಊಟಕ್ಕೆ ಮೆಸ್ಸಿಗೇ ಹೋದೆ. ಹುಡುಗರೆಲ್ಲ ಎದ್ದು ನಿಂತರು. ಮುಂದಿನ ವರ್ಷಕ್ಕೆ ಗುರುಪಾದನನ್ನು ಶಾಲೆಯ ನಾಯಕನೆಂದು ಇವತ್ತು ಸಾರಿದ್ದಾರೆ. ಅವನೇ ಬಂದು ನನಗೆ ಕುರ್ಚಿ ಸರಿಸಿಕೊಟ್ಟ. ರೊಟ್ಟಿ ಬಿಸಿಯಾಗಿತ್ತು. ಎರಡು ತಿಂದೆ.